ತಾರಸಿಯ ಬಿಸಿಲು, ಬಚ್ಚಲಿನ ನೀರು

ಸೌರಶಕ್ತಿಯ ಮಾತು ಬಂದೊಡನೆ ನಮ್ಮವರ ಮನಸ್ಸು ನೇರವಾಗಿ ಅಂಗಡಿಗೆ ಹೋಗುತ್ತದೆ. ಬಿಸಿಲಿನಲ್ಲಿಟ್ಟರೆ ರಾತ್ರಿ ಉರಿಯುವ ಕೈದೀಪ, ಬಾಲ್ಕನಿಯ ಕಟಕಟೆಗೆ ಸುತ್ತುವ ಪುಟ್ಟ ದೀಪಮಾಲೆ, ಮೊಬೈಲಿಗೆ ವಿದ್ಯುತ್ತು ತುಂಬುವ ಮಡಚುಫಲಕ, ಇವುಗಳಲ್ಲಿ ಒಂದೆರಡನ್ನು ಕೊಂಡು ತಂದು, ಪ್ರಕೃತಿಗೆ ಸಲ್ಲಬೇಕಾದ ಋಣ ಸಂದಿತೆಂದು ಭಾವಿಸುವವರು ಪುಣೆಯ ಕನ್ನಡಿಗರಲ್ಲಿಯೂ ಕಡಿಮೆಯಿಲ್ಲ. ಈ ಆಟಿಕೆಗಳ ಮೇಲೆ ನನಗೆ ದ್ವೇಷವೇನೂ ಇಲ್ಲ. ಆದರೆ ಒಂದು ಮೊಬೈಲು ದಿನಕ್ಕೆ ಬಳಸುವ ವಿದ್ಯುತ್ತು ಒಂದು ಯೂನಿಟ್ಟಿನ ನೂರರಲ್ಲಿ ಒಂದೆರಡು ಪಾಲು ಮಾತ್ರ. ಅದನ್ನು ಉಳಿಸಲು ನೂರಾರು ರೂಪಾಯಿ ತೆರುವುದನ್ನು ಮಿತವ್ಯಯವೆಂದು ಕರೆಯುವುದು ಕಷ್ಟ. ಬಹುಮಹಡಿ ಕಟ್ಟಡದಲ್ಲಿ ಸಂಸಾರ ಹೂಡಿರುವ ನಮ್ಮಂಥವರಿಗೆ ಬಿಸಿಲಿನ ಮೊದಲ ಉಪಯೋಗ ಸ್ನಾನದ ನೀರು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದು ಅಂಗಡಿಯಿಂದ ಒಬ್ಬೊಬ್ಬರೇ ಹೊತ್ತು ತರುವ ಸಾಮಾನಲ್ಲವಾದ್ದರಿಂದಲೇ ನಮ್ಮ ಗಮನದಿಂದ ತಪ್ಪಿಹೋಗಿದೆ.

ಲೆಕ್ಕ ಹಾಕಿ ನೋಡೋಣ. ಒಂದು ಲೀಟರ್ ನೀರಿನ ಶಾಖವನ್ನು ಒಂದು ಡಿಗ್ರಿಯಷ್ಟು ಏರಿಸಲು ಒಂದು ಕಿಲೋಕ್ಯಾಲೊರಿ ಬೇಕು; ವಿದ್ಯುತ್ತಿನ ಒಂದು ಯೂನಿಟ್ ಎಂದರೆ ಸುಮಾರು 860 ಕಿಲೋಕ್ಯಾಲೊರಿ. 22 ಡಿಗ್ರಿಯಲ್ಲಿರುವ ನೀರನ್ನು 42 ಡಿಗ್ರಿಗೆ ತರಬೇಕಾದರೆ 20 ಲೀಟರಿನ ಒಂದು ಬಕೆಟ್ಟಿಗೆ 400 ಕಿಲೋಕ್ಯಾಲೊರಿ, ಅಂದರೆ ಹೆಚ್ಚುಕಡಿಮೆ ಅರ್ಧ ಯೂನಿಟ್ ಖರ್ಚಾಗುತ್ತದೆ. ನಾಲ್ಕು ಜನರ ಮನೆಯಲ್ಲಿ ಒಬ್ಬರಿಗೆ ಒಂದೇ ಬಕೆಟ್ ಎಂದು ಹಿಡಿದರೂ ತಿಂಗಳಿಗೆ 55 ಯೂನಿಟ್ಟಿನ ಮೇಲಾಯಿತು. ಷವರಿನ ಕೆಳಗೆ ನಿಂತು ಹಾಡು ಹೇಳುವ ಮಕ್ಕಳಿದ್ದರೆ ಇದು ಸುಲಭವಾಗಿ ಇಮ್ಮಡಿಯಾಗುತ್ತದೆ. ಮಹಾವಿತರಣದ ದರಪಟ್ಟಿಯಾದರೋ ಮೆಟ್ಟಿಲುಗಳಾಗಿ ಏರುತ್ತದೆ: ಮೊದಲ 100 ಯೂನಿಟ್ಟಿಗೆ ಒಂದು ದರ, ಅಲ್ಲಿಂದ 300ರವರೆಗೆ ಇನ್ನೊಂದು, 500ರವರೆಗೆ ಮತ್ತೊಂದು. ಆದುದರಿಂದ ನಾವು ಉಳಿಸುವ ಯೂನಿಟ್ಟು ಯಾವಾಗಲೂ ಮೇಲಿನ, ದುಬಾರಿಯಾದ ಮೆಟ್ಟಿಲಿನಿಂದಲೇ ಕಳೆಯುತ್ತದೆ. ತಿಂಗಳಿಗೆ 150 ಯೂನಿಟ್ ಬಳಸುವ ಸಂಸಾರ ಸ್ನಾನದ ನೀರನ್ನು ಬಿಸಿಲಿಗೆ ಒಪ್ಪಿಸಿದರೆ ಮೊದಲ ಮೆಟ್ಟಿಲಿನೊಳಗೇ ನಿಲ್ಲಬಹುದು.

ಊರಿನಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಮಲೆನಾಡು, ಕರಾವಳಿಗಳ ಬಚ್ಚಲುಮನೆಯಲ್ಲಿ ತಾಮ್ರದ ಹಂಡೆ. ಅದರಡಿ ಅಡಕೆಸಿಪ್ಪೆ, ತೆಂಗಿನ ಗರಿ, ಒಣಗಿದ ಸೋಗೆ. ಪುಣೆಯ ಹಳೆಯ ವಾಡೆಗಳಲ್ಲಿ ಅದೇ ಕೆಲಸವನ್ನು ತಾಮ್ರದ ಬಂಬು ಮಾಡುತ್ತಿತ್ತು. ಫ್ಲಾಟುಗಳು ಬಂದ ಮೇಲೆ ವಿದ್ಯುತ್ತಿನ ಗೀಸರ್ ಬಂದಿತು. ವಿದ್ಯುತ್ತಿನ ಬಿಲ್ಲು ಏರಿದ ಮೇಲೆ, ವಿಶೇಷವಾಗಿ ಬಾಡಿಗೆಯ ಮನೆಗಳಲ್ಲಿ, ಗ್ಯಾಸ್ ಗೀಸರ್ ಬಂದಿತು. ಆರೋಗ್ಯದ ಲೇಖನಗಳಿಗೆ ಸ್ಥಳ ಕೊಡುವ ಈ ಸಂಚಿಕೆಯಲ್ಲಿ ಇದನ್ನು ಕುರಿತು ಎರಡು ಮಾತು ಹೇಳದೆ ಮುಂದೆ ಹೋಗಲಾಗದು.

ಗ್ಯಾಸ್ ಗೀಸರ್ ಅಗ್ಗವೆಂಬುದು ನಿಜ. ಆದರೆ ಅದು ಉರಿಯಲು ಗಾಳಿ ಬೇಕು. ನಾಲ್ಕು ಅಡಿ ಅಗಲದ ಬಚ್ಚಲಿನ ಬಾಗಿಲು, ಚಳಿಗೆಂದು ಕಿಟಕಿ ಎರಡನ್ನೂ ಮುಚ್ಚಿ ಅದನ್ನು ಉರಿಸಿದಾಗ ಆಮ್ಲಜನಕ ಸಾಲದೆ ಅನಿಲವು ಅರೆಬರೆ ಸುಟ್ಟು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಈ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವುದಕ್ಕಿಂತ ಇನ್ನೂರು ಪಾಲಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ಓಕರಿಕೆ ಇವು ಮೊದಲ ಲಕ್ಷಣಗಳು; ಆದರೆ ಅನೇಕರಿಗೆ ಚಿಲಕ ತೆಗೆಯುವಷ್ಟು ವ್ಯವಧಾನವೂ ಸಿಕ್ಕುವುದಿಲ್ಲ. ಚಳಿಗಾಲ ಬಂತೆಂದರೆ ಪುಣೆ, ಮುಂಬಯಿ, ಬೆಂಗಳೂರುಗಳ ಪತ್ರಿಕೆಗಳಲ್ಲಿ ಇಂಥ ಸಾವಿನ ಸುದ್ದಿಗಳನ್ನು ಓದುತ್ತೇವೆ. ಸತ್ತವರು ಬಹುಮಟ್ಟಿಗೆ ಆರೋಗ್ಯವಾಗಿದ್ದ ತರುಣರು. ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಕೂರಿಸಿ ನೀರನ್ನು ಮಾತ್ರ ಕೊಳವೆಯಲ್ಲಿ ಒಳಗೆ ತರಬೇಕು. ಅದು ಸಾಧ್ಯವಾಗದಿದ್ದರೆ ಬಕೆಟ್ ತುಂಬಿಸಿ, ಗ್ಯಾಸನ್ನು ಆರಿಸಿ, ಒಳಗಿನ ಗಾಳಿ ಹೊರಗೆ ಹೋದ ಮೇಲೆ ಸ್ನಾನಕ್ಕೆ ಇಳಿಯಬೇಕು. ಒಳಗೆ ಹೋದವರು ಕರೆದರೆ ಉತ್ತರ ಕೊಡದಿದ್ದಾಗ ಬಾಗಿಲು ಒಡೆದು, ಬಯಲಿಗೆ ತಂದು, ಆಮ್ಲಜನಕವಿರುವ ಆಸ್ಪತ್ರೆಗೆ ತಡಮಾಡದೆ ಕೊಂಡೊಯ್ಯುವುದೊಂದೇ ದಾರಿ. ತಾರಸಿಯ ಮೇಲೆ ಬಿಸಿಲಿನಲ್ಲಿ ಕಾದು ಬರುವ ನೀರಿಗೆ ಈ ಭಯವಿಲ್ಲ. ಸೌರ ಜಲತಾಪಕವನ್ನು ನಾನು ಹಣದ ಉಳಿತಾಯಕ್ಕಿಂತ ಮೊದಲು ಎಣಿಸುವುದು ಈ ಲೆಕ್ಕದಲ್ಲಿ.

ಪುಣೆಯ ಬಿಸಿಲು ಈ ಕೆಲಸಕ್ಕೆ ಸಾಲುವುದೇ ಎಂಬ ಸಂದೇಹ ಬೇಡ. ಭಾರತದ ಬಿಸಿಲನ್ನು ಮೊದಲು ಕ್ರಮಬದ್ಧವಾಗಿ ಅಳೆದದ್ದಕ್ಕೂ ಈ ಊರಿಗೂ ಹತ್ತಿರದ ನಂಟಿದೆ. ಶಿವಾಜಿನಗರದ ಹವಾಮಾನ ಇಲಾಖೆಯ ಕಟ್ಟಡವನ್ನು ಇಲ್ಲಿಯವರು ಇಂದಿಗೂ ಸಿಮ್ಲಾ ಆಫೀಸ್ ಎನ್ನುತ್ತಾರೆ. ಬೆಂಗಳೂರಿನಲ್ಲಿ ಸರ್ ಸಿ.ವಿ. ರಾಮನ್ನರ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ಬಂದ ಅನ್ನಾ ಮಣಿ ಅವರು 1948ರಲ್ಲಿ ಇದೇ ಪುಣೆಯಲ್ಲಿ ಹವಾಮಾನ ಇಲಾಖೆಯ ಉಪಕರಣ ವಿಭಾಗವನ್ನು ಸೇರಿದರು. 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದ ಕಾಲಕ್ಕೆ ದೇಶದ ಉದ್ದಗಲಕ್ಕೂ ಸೂರ್ಯನ ವಿಕಿರಣವನ್ನು ಅಳೆಯುವ ಕೇಂದ್ರಗಳ ಜಾಲವನ್ನು ಹೆಣೆದರು. ಅವರ ಸೌರ ವಿಕಿರಣದ ಕೈಪಿಡಿ 1980ರಲ್ಲಿ ಪ್ರಕಟವಾಯಿತು. ಸೌರಫಲಕಗಳನ್ನು ಎಲ್ಲಿ, ಎಷ್ಟು, ಯಾವ ಓರೆಯಲ್ಲಿ ಇಡಬೇಕೆಂದು ಎಂಜಿನಿಯರುಗಳು ನಿರ್ಧರಿಸಲು ಆಧಾರವಾದ ಅಂಕಿಗಳು ಅಂಥ ತಾಳ್ಮೆಯ ಅಳತೆಯಿಂದ ಬಂದವು. ಪುಣೆಯಲ್ಲಿ ಒಂದು ಚದರ ಮೀಟರಿನ ಮೇಲೆ ದಿನಕ್ಕೆ ಸರಾಸರಿ 5 ಯೂನಿಟ್ಟಿಗೂ ಹೆಚ್ಚು ಬಿಸಿಲು ಬೀಳುತ್ತದೆ. ಮಳೆಗಾಲದ ಮೂರು ತಿಂಗಳು ಮೋಡದ ಕಾಟ ನಿಜ. ಆದರೆ ಬಿಸಿನೀರು ಅತಿ ಹೆಚ್ಚು ಬೇಕಾಗುವ ಡಿಸೆಂಬರ್, ಜನವರಿಗಳಲ್ಲಿ ಆಕಾಶ ತಿಳಿಯಾಗಿರುತ್ತದೆ.

ಇನ್ನು, ಬಿಸಿಲಿನಿಂದ ವಿದ್ಯುತ್ತನ್ನೇ ಪಡೆದರೆ ಎಲ್ಲ ಕೆಲಸಕ್ಕೂ ಆಯಿತಲ್ಲವೆ ಎಂದು ಕೇಳುವವರಿದ್ದಾರೆ. ಸ್ವಂತ ಬಂಗಲೆಯುಳ್ಳವರು ಹಾಗೆ ಮಾಡಲಿ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವಾಟ್ ಫಲಕಗಳಿಗೆ 60,000 ರೂಪಾಯಿ, 3 ಕಿಲೋವಾಟ್ ಅಥವಾ ಅದಕ್ಕೆ ಮೇಲ್ಪಟ್ಟವಕ್ಕೆ 78,000 ರೂಪಾಯಿ ಸಹಾಯಧನವನ್ನು ಗೊತ್ತುಪಡಿಸಲಾಯಿತು. ಒಂದು ಕಿಲೋವಾಟ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ನಡುವೆ ಓಡಾಡುವ ಜಾಗವೂ ಸೇರಿ ಅದಕ್ಕೆ ಸುಮಾರು 10 ಚದರ ಮೀಟರ್ ತಾರಸಿ ಬೇಕು. ಹೆಚ್ಚುಕಡಿಮೆ ಅಷ್ಟೇ ಶಾಖವನ್ನು ನೀರಿಗೆ ತುಂಬಲು, ಅಂದರೆ 100 ಲೀಟರ್ ನೀರು ಕಾಯಿಸಲು, 2 ಚದರ ಮೀಟರಿನ ತಾಪಕ ಸಾಕು. ಕೋಥ್ರೂಡಿನಲ್ಲೋ ವಾಕಡ್‌ನಲ್ಲೋ ಮಹಡಿಗೆ ನಾಲ್ಕು ಮನೆಯಂತೆ ಹನ್ನೆರಡು ಮಹಡಿಯ ಒಂದು ಕಟ್ಟಡವನ್ನು ಊಹಿಸಿಕೊಳ್ಳಿ. ನಲವತ್ತೆಂಟು ಸಂಸಾರಗಳ ತಲೆಯ ಮೇಲೆ ಇರುವುದು ನಾಲ್ಕೇ ಮನೆಗಳ ವಿಸ್ತಾರದ ತಾರಸಿ. ನೀರಿನ ತೊಟ್ಟಿ, ಲಿಫ್ಟಿನ ಕೋಣೆ, ಅವುಗಳ ನೆರಳು ಇವನ್ನೆಲ್ಲ ಕಳೆದರೆ ಮನೆಗೆ ಮೂರು ಚದರ ಮೀಟರ್ ಸಿಕ್ಕುವುದೂ ಕಷ್ಟ. ಅಷ್ಟರಲ್ಲಿ ಸ್ನಾನದ ನೀರು ಪೂರ್ತಿ ಕಾಯುತ್ತದೆ. ವಿದ್ಯುತ್ತಾದರೆ ಒಂದು ಯೂನಿಟ್ಟಿನ ಆಚೆಈಚೆ. ಎತ್ತರದ ಕಟ್ಟಡಗಳಲ್ಲಿ ಮೊದಲು ನೀರು, ಜಾಗ ಮಿಕ್ಕರೆ ವಿದ್ಯುತ್ತು ಎಂಬ ಕ್ರಮವನ್ನು ನಾನು ಒತ್ತಿ ಹೇಳುವುದು ಇದಕ್ಕಾಗಿ. ಮಿಕ್ಕ ಜಾಗದ ವಿದ್ಯುತ್ತು ಲಿಫ್ಟು, ಪಂಪು, ಮೆಟ್ಟಿಲ ದೀಪಗಳಿಗೆ ಸಲ್ಲಲಿ; ಇಂಥ ಸಾಮಾನ್ಯ ಸೌಕರ್ಯಗಳಿಗಾಗಿ ಸೊಸೈಟಿಗಳಿಗೂ ಕಿಲೋವಾಟಿಗೆ 18,000 ರೂಪಾಯಿಯಂತೆ ಸಹಾಯಧನವನ್ನು ಅದೇ ಯೋಜನೆ ಇಟ್ಟಿದೆ.

ಹಾಗಾದರೆ ಪುಣೆಯ ಹೊಸ ಕಟ್ಟಡಗಳ ಮೇಲೆ ಈಗಾಗಲೇ ಸೌರ ತಾಪಕಗಳು ಸಾಲಾಗಿ ನಿಂತಿಲ್ಲವೆ? ನಿಂತಿವೆ. ಆದರೆ ಮೇಲೆ ಹತ್ತಿ ನೋಡಿದವರು ಎಷ್ಟು ಮಂದಿ? ನಾನು ಕಂಡ ಹಲವು ತಾರಸಿಗಳಲ್ಲಿ ಗಾಜಿನ ನಳಿಗೆಗಳು ಒಡೆದು, ಪಾರಿವಾಳಗಳು ಗೂಡು ಕಟ್ಟಿ, ಕೊಳವೆಗಳ ಹೊದಿಕೆ ಕಿತ್ತು ಜೋಲಾಡುತ್ತಿತ್ತು. ಕೆಳಗಿನ ಮನೆಗಳಲ್ಲಿ ಗೀಸರುಗಳು ಎಂದಿನಂತೆ ಉರಿಯುತ್ತಿದ್ದವು. ಕಟ್ಟುವವನು ನಿಯಮಕ್ಕಾಗಿ ಕೂರಿಸಿದ, ಕೊಂಡವರು ಜಾಹೀರಾತಿನಲ್ಲಿ ಓದಿ ಮರೆತರು. ಯಂತ್ರವೇನೋ ಸರಳವಾದದ್ದು, ಕೆಡಿಸುವ ಕಾರಣಗಳೂ ಸರಳವಾದವೇ. ಟ್ಯಾಂಕರಿನ ಅಥವಾ ಕೊಳವೆಬಾವಿಯ ಗಡಸು ನೀರು ಒಳಗೆ ಸುಣ್ಣದ ಪದರವನ್ನು ಕಟ್ಟುತ್ತದೆ; ವರ್ಷಕ್ಕೊಮ್ಮೆಯಾದರೂ ಅದನ್ನು ಕಳೆಯದಿದ್ದರೆ ಶಾಖ ನೀರಿಗೆ ಮುಟ್ಟುವುದಿಲ್ಲ. ಫಲಕದ ಮೇಲಿನ ಧೂಳನ್ನು ಒರೆಸಲು ಯಾರಿಗೂ ಹೇಳಿಲ್ಲ. ಇನ್ನು ಕೊಳವೆಯ ಉದ್ದ: ಒಂದಂಗುಲದ ಕೊಳವೆ 30 ಮೀಟರ್ ಇಳಿದು ಬಂದರೆ ಅದರಲ್ಲಿ ಸುಮಾರು 15 ಲೀಟರ್ ತಣ್ಣೀರು ನಿಂತಿರುತ್ತದೆ. ಕೆಳಮಹಡಿಯವರು ನಲ್ಲಿ ತಿರುಗಿಸಿ, ಒಂದು ಬಕೆಟ್ ತಣ್ಣೀರನ್ನು ಚರಂಡಿಗೆ ಬಿಟ್ಟು, ಬೇಸತ್ತು ಗೀಸರಿನ ಗುಂಡಿಯನ್ನೊತ್ತುತ್ತಾರೆ. ಬೆಳಿಗ್ಗೆ ಗೊತ್ತಾದ ಎರಡು ಗಂಟೆಗಳ ಕಾಲ ಬಿಸಿನೀರನ್ನು ಸುತ್ತಿಸುವ ಒಂದು ಸಣ್ಣ ಪಂಪು, ಕೊಳವೆಗೆ ಸರಿಯಾದ ಹೊದಿಕೆ, ಇವೆರಡರಿಂದ ಈ ತೊಂದರೆ ಬಹುಮಟ್ಟಿಗೆ ತೀರುತ್ತದೆ. ಮೋಡದ ದಿನಗಳಿಗೆಂದು ಮೇಲಿನ ಸಾಮಾನ್ಯ ತೊಟ್ಟಿಯಲ್ಲಿ ವಿದ್ಯುತ್ ಸುರುಳಿ ಇಡುವುದು ಮಾತ್ರ ಬೇಡ. ಯಾರೋ ಸುರಿದುಕೊಂಡ ನೀರಿಗೆ ಎಲ್ಲರೂ ದುಡ್ಡು ಕೊಡುವ ಜಗಳ ಅಲ್ಲಿಂದ ಹುಟ್ಟುತ್ತದೆ. ಅವರವರ ಮನೆಯ ಗೀಸರ್ ಅವರವರಿಗೆ ಇರಲಿ.

ಸೌರ ಒಲೆಯನ್ನು ಕುರಿತು ಕೇಳುವವರೂ ಇದ್ದಾರೆ. ಬಿಸಿಲಿನಲ್ಲಿ ಅಡಿಗೆ ಮಾಡುವ ಪ್ರಯತ್ನ ನಮ್ಮ ಸೀಮೆಗೆ ಹೊಸದಲ್ಲ. ಮುಂಬಯಿಯಲ್ಲಿದ್ದ ವಿಲಿಯಂ ಆಡಮ್ಸ್ ಎಂಬ ಆಂಗ್ಲ ಅಧಿಕಾರಿ ಕನ್ನಡಿಗಳ ಒಲೆಯಲ್ಲಿ ಸಿಪಾಯಿಗಳಿಗೆ ಅಡಿಗೆ ಮಾಡಿ ತೋರಿಸಿ, 1878ರಲ್ಲಿ ಅದರ ಮೇಲೆ ಒಂದು ಪುಸ್ತಕವನ್ನೇ ಬರೆದ. ಒಳಗೆ ಕಪ್ಪು ಬಣ್ಣ ಬಳಿದ, ಎರಡು ಪದರ ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಅನ್ನ, ಬೇಳೆ ಎರಡು ಮೂರು ಗಂಟೆಗಳಲ್ಲಿ ಚೆನ್ನಾಗಿಯೇ ಬೇಯುತ್ತವೆ, ಸೀಯುವುದಿಲ್ಲ. ಆದರೆ ಗಂಡಹೆಂಡಿರಿಬ್ಬರೂ ಒಂಬತ್ತು ಗಂಟೆಗೆ ಮನೆ ಬಿಡುವ ಸಂಸಾರದಲ್ಲಿ, ಏಳನೆಯ ಮಹಡಿಯಿಂದ ಹನ್ನೆರಡನೆಯದಕ್ಕೆ ಪಾತ್ರೆ ಹೊತ್ತು, ಬಿಸಿಲು ಸರಿದಂತೆ ಪೆಟ್ಟಿಗೆಯನ್ನು ಸರಿಸುವವರಾರು? ನಿವೃತ್ತರಾಗಿ ಸ್ವಂತ ಅಂಗಳವುಳ್ಳವರು ಅವಶ್ಯ ಕೊಳ್ಳಲಿ. ಉಳಿದವರು ಬೇಳೆಯನ್ನು ಮುಂಚೆಯೇ ನೆನೆಯಿಸಿ, ಪಾತ್ರೆಗೆ ಮುಚ್ಚಳ ಹಾಕಿ, ಕುಕ್ಕರು ಕೂಗಿದ ಮೇಲೆ ಉರಿ ತಗ್ಗಿಸಿದರೆ ಅಷ್ಟೇ ಲಾಭ. ತಾರಸಿಯ ಬಿಸಿಲನ್ನು ಅಡಿಗೆಗೆ ಬಳಸುವ ವಿದ್ಯೆಯನ್ನು ನಮ್ಮ ತಾಯಂದಿರು ಹಪ್ಪಳ, ಸಂಡಿಗೆ, ಬಾಳಕಗಳಲ್ಲಿ ಯಾವ ಇಲಾಖೆಯ ಉಪದೇಶವೂ ಇಲ್ಲದೆ ತೋರಿಸಿಕೊಟ್ಟಿದ್ದಾರೆ.

ಅಡಿಗೆಮನೆಯ ಉಳಿಕೆಗಾದರೆ ಪುಣೆಯದೇ ಆದ ಒಂದು ಉತ್ತರವಿದೆ. ಸಸ್ಯವಿಜ್ಞಾನಿ ಡಾ. ಆನಂದ ಕರ್ವೆ ಅವರು 1996ರಲ್ಲಿ ಸ್ಥಾಪಿಸಿದ ‘ಆರತಿ’ ಸಂಸ್ಥೆಯವರು ಒಂದರ ಮೇಲೊಂದು ಬೋರಲಾಗುವ ಎರಡು ಪ್ಲಾಸ್ಟಿಕ್ ನೀರಿನ ತೊಟ್ಟಿಗಳಲ್ಲಿ, ಸಗಣಿಯ ಬದಲು ಹಳಸಿದ ಅನ್ನ, ಹಿಟ್ಟು, ಕೊಳೆತ ಹಣ್ಣುಗಳಿಂದ ಅನಿಲ ತೆಗೆಯುವ ಚಿಕ್ಕ ಘಟಕವನ್ನು ರೂಪಿಸಿದರು. 2006ರಲ್ಲಿ ಅದಕ್ಕೆ ಇಂಗ್ಲೆಂಡಿನ ಆಷ್‌ಡೆನ್ ಪ್ರಶಸ್ತಿ ಬಂದಿತು. ಪಿಷ್ಟ, ಸಕ್ಕರೆಗಳಲ್ಲಿ ಸಗಣಿಗಿಂತ ಎಷ್ಟೋ ಪಾಲು ಹೆಚ್ಚು ಶಕ್ತಿಯಿರುವುದೇ ಅದರ ಗುಟ್ಟು. ನೆಲಮಾಳಿಗೆಯ ಮನೆಗೂ ಸೊಸೈಟಿಯ ತೋಟದ ಮೂಲೆಗೂ ಅದು ಹೊಂದುತ್ತದೆ, ಬಾಲ್ಕನಿಗೆ ಹೊಂದದು.

ಮುಂಗಡವಾಗಿ ಇಷ್ಟೊಂದು ಹಣ ಎಲ್ಲಿಂದ ಎಂಬ ಆಕ್ಷೇಪಕ್ಕೆ ಕರ್ನಾಟಕದಲ್ಲಿ ಒಂದು ಪಾಠ ಸಿದ್ಧವಿದೆ. 1995ರಲ್ಲಿ ಸೆಲ್ಕೋ ಸಂಸ್ಥೆಯನ್ನು ಕಟ್ಟಿದ ಹರೀಶ್ ಹಂದೆ ಅವರು ಹಳ್ಳಿಯ ಬಡವರಿಗೆ ಸೌರದೀಪವನ್ನು ದಾನ ಮಾಡಲು ಹೋಗಲಿಲ್ಲ. ಗ್ರಾಮೀಣ ಬ್ಯಾಂಕುಗಳಿಂದ ಸಾಲ ಕೊಡಿಸಿ, ಅವರವರ ಸಂಪಾದನೆಯ ರೀತಿಗೆ ತಕ್ಕ ಕಂತುಗಳನ್ನು ಗೊತ್ತುಮಾಡಿ, ಕೆಟ್ಟರೆ ಬಂದು ರಿಪೇರಿ ಮಾಡುವ ಹುಡುಗರನ್ನು ಹತ್ತಿರದಲ್ಲೇ ಇಟ್ಟರು. 2011ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂದದ್ದು ವಾಚಕರಿಗೆ ನೆನಪಿರಬಹುದು. ಸೀಮೆಎಣ್ಣೆಗೆ ಕೊಡುತ್ತಿದ್ದ ಹಣದಿಂದ ಹಳ್ಳಿಯ ಕೂಲಿಕಾರನು ಕಂತು ಕಟ್ಟಬಲ್ಲನಾದರೆ, ಸಂಬಳದಾರರ ಸೊಸೈಟಿಯೊಂದು ತಿಂಗಳ ವಂತಿಗೆಯಲ್ಲಿ ದುರಸ್ತಿಯ ವೆಚ್ಚವನ್ನು ಹಂಚಿಕೊಳ್ಳಲಾರದೆ? ಇದಲ್ಲದೆ ಸೌರ ತಾಪಕ, ಮಳೆನೀರು ಕೊಯ್ಲು, ಎರೆಗೊಬ್ಬರ ಇವುಗಳಲ್ಲಿ ಒಂದನ್ನು ನಡೆಸುವವರಿಗೆ ಆಸ್ತಿತೆರಿಗೆಯಲ್ಲಿ ಶೇಕಡ 5, ಎರಡನ್ನು ನಡೆಸುವವರಿಗೆ ಶೇಕಡ 10ರಷ್ಟು ರಿಯಾಯಿತಿ ಕೊಡುವ ಪದ್ಧತಿಯನ್ನು ಪುಣೆ ಮಹಾನಗರಪಾಲಿಕೆ ಇಟ್ಟುಕೊಂಡು ಬಂದಿದೆ. ನಡೆಸುವವರಿಗೆ ಎಂಬ ಮಾತನ್ನು ಗಮನಿಸಬೇಕು. ಪಾರಿವಾಳದ ಗೂಡಿಗೆ ರಿಯಾಯಿತಿಯಿಲ್ಲ.

ನಮ್ಮಲ್ಲಿ ಅನೇಕರು ಸೊಸೈಟಿಯ ಸಭೆಗೆ ಹೋಗುವುದಿಲ್ಲ. ಮರಾಠಿಯಲ್ಲಿ ವಾದಿಸುವ ಸಂಕೋಚ, ಪರಊರಿನವರು ನಮಗೇಕೆ ಎಂಬ ಭಾವನೆ, ಇಂದೋ ನಾಳೆಯೋ ಧಾರವಾಡಕ್ಕೋ ಮಂಗಳೂರಿಗೋ ಹಿಂದಿರುಗುವೆವೆಂಬ ಮೂವತ್ತು ವರ್ಷ ಹಳೆಯ ಕನಸು. ತಾರಸಿಯಲ್ಲಿ ನಲವತ್ತೆಂಟರಲ್ಲಿ ಒಂದು ಪಾಲು ನಮ್ಮದೂ ಹೌದು. ಅದರ ಮೇಲೆ ಬೀಳುವ ಬಿಸಿಲಿಗೆ ಮಾತೃಭಾಷೆಯ ಭೇದವಿಲ್ಲ. ವಾರ್ಷಿಕ ಸಾಮಾನ್ಯ ಸಭೆ ಸೆಪ್ಟೆಂಬರ್ 30ರೊಳಗೆ ಆಗಬೇಕೆಂಬುದು ನಿಯಮ. ಸೂಚನಾಪತ್ರ ಹೊರಡುವ ಮುನ್ನ ಕಾರ್ಯದರ್ಶಿಗೆ ಒಂದು ಕಾಗದ ಬರೆದುಕೊಟ್ಟು, ಮೂರು ಸಂಗತಿಗಳನ್ನು ಕಾರ್ಯಸೂಚಿಗೆ ಸೇರಿಸುವಂತೆ ಕೇಳಿ: ತಾಪಕಗಳನ್ನು ತಿಳಿದವರಿಂದ ಪರೀಕ್ಷೆ ಮಾಡಿಸಿ ವರದಿ ತರಿಸುವುದು, ವಾರ್ಷಿಕ ನಿರ್ವಹಣೆಯ ಕರಾರು, ಮತ್ತು ಗ್ಯಾಸ್ ಗೀಸರ್ ಬಚ್ಚಲಿನೊಳಗೆ ಇರುವ ಮನೆಗಳ ಪಟ್ಟಿ. ಬಾಡಿಗೆದಾರರಿಗೆ ಸಭೆಯಲ್ಲಿ ಮತವಿಲ್ಲ. ಹಿಂಜವಡಿಯ ಕಚೇರಿಗಳಿಗೆ ಹೋಗುವ ನಮ್ಮ ಹುಡುಗರು ನಾಲ್ಕೈದು ಮಂದಿ ಕೂಡಿ ಇರುವ ಮನೆಗಳು ಅಂಥವೇ. ಅವರ ಪರವಾಗಿ ಆ ಮೂರನೆಯ ಸಂಗತಿಯನ್ನು ಎತ್ತಬೇಕಾದವರು ಮನೆಯ ಒಡೆತನವುಳ್ಳ ನಾವೇ. ಚಳಿ ಆರಂಭವಾಗುವುದಕ್ಕೆ ಮೊದಲೇ ಆ ಪಟ್ಟಿ ಸಿದ್ಧವಾಗಬೇಕು.