ಹುಸಿಗುಂಡಿನ ಹೊಣೆ ಯಾರದು?

ಪೊಲೀಸರ ಕಾರ್ಯವೈಖರಿಯನ್ನು ಅರಿಯಲೆಂದು ಅವರ ಆಹ್ವಾನದ ಮೇರೆಗೆ ಹೋದ ವೃದ್ಧೆಯೊಬ್ಬರು ಪೊಲೀಸನ ಗುಂಡಿಗೇ ಬಲಿಯಾದರೆ ಅದನ್ನು ಏನೆಂದು ಕರೆಯುತ್ತೀರಿ? ಅಮೆರಿಕದ ಫ್ಲೋರಿಡಾ ರಾಜ್ಯದ ಪುಂಟಾ ಗೋರ್ಡಾ ಎಂಬ ಪುಟ್ಟ ನಗರದಲ್ಲಿ 2016ರ ಆಗಸ್ಟ್ 9ರಂದು ನಡೆದದ್ದು ಇದೇ. ಗುಂಡು ಹಾರಿಸಬೇಕೇ ಬೇಡವೇ ಎಂಬುದನ್ನು ಪೊಲೀಸರು ಕ್ಷಣಾರ್ಧದಲ್ಲಿ ಹೇಗೆ ನಿರ್ಧರಿಸುತ್ತಾರೆಂದು ನಾಗರಿಕರಿಗೆ ತೋರಿಸುವ ಪ್ರಾತ್ಯಕ್ಷಿಕೆ ಅದು. ನೆರೆದಿದ್ದವರು ಸುಮಾರು 35 ಮಂದಿ. ಅವರಲ್ಲಿ 73 ವರ್ಷದ ಒಬ್ಬ ನಿವೃತ್ತ ಗ್ರಂಥಪಾಲಕಿಯನ್ನು ಮುಂದಕ್ಕೆ ಕರೆದರು. ದುಷ್ಕರ್ಮಿಯ ಪಾತ್ರ ವಹಿಸಿದ್ದ ಅಧಿಕಾರಿ ಆಕೆಯತ್ತ ರಿವಾಲ್ವರಿನಿಂದ ಗುಂಡು ಹಾರಿಸಿದ. ಹುಸಿಗುಂಡೆಂದು ಆತ ನಂಬಿದ್ದದ್ದು ಜೀವಂತ ಗುಂಡಾಗಿತ್ತು. ಪತಿಯ ಕಣ್ಣೆದುರೇ ಆಕೆ ಕುಸಿದರು.

ಅಪಘಾತ ಎಂಬ ಮಾತು ಆಗಲೇ ಕೇಳಿಬಂತು. ನಾನದನ್ನು ಒಪ್ಪಲಾರೆ. ಸಾರ್ವಜನಿಕರ ಮುಂದೆ ನಿಜವಾದ ಆಯುಧವನ್ನು ಏಕೆ ತಂದರು? ಗುಂಡು ತುಂಬಲಾಗದ ಪ್ಲಾಸ್ಟಿಕ್ ಬಂದೂಕುಗಳು ಇಂತಹ ತರಬೇತಿಗಾಗಿಯೇ ಇವೆ. ಹುಸಿಗುಂಡೇ ಇದ್ದಿದ್ದರೂ ಅಪಾಯ ತಪ್ಪುತ್ತಿರಲಿಲ್ಲ. 1984ರಲ್ಲಿ ಅಮೆರಿಕದ ದೂರದರ್ಶನ ನಟನೊಬ್ಬ ಚಿತ್ರೀಕರಣದ ನಡುವೆ ಹುಸಿಗುಂಡು ತುಂಬಿದ ರಿವಾಲ್ವರನ್ನು ತಮಾಷೆಗೆಂದು ತಲೆಗಿಟ್ಟುಕೊಂಡು ಪ್ರಾಣ ತೆತ್ತದ್ದು ಜಗತ್ತಿಗೇ ತಿಳಿದಿತ್ತು. ಇನ್ನೊಬ್ಬರು ಆ ರಿವಾಲ್ವರಿನ ಗೂಡುಗಳನ್ನು ಬಿಚ್ಚಿ ನೋಡಿದ್ದರೆ ಸಾಕಿತ್ತು. ಅರ್ಧ ನಿಮಿಷದ ಕೆಲಸ!

ಮುಂದೇನಾಯಿತು? ನಗರಾಡಳಿತವು ಕುಟುಂಬಕ್ಕೆ ಇಪ್ಪತ್ತು ಲಕ್ಷ ಡಾಲರಿಗೂ ಮಿಗಿಲಾದ ಪರಿಹಾರ ನೀಡಿತು. ಪೊಲೀಸ್ ಮುಖ್ಯಸ್ಥರ ಮೇಲೂ ನಿರ್ಲಕ್ಷ್ಯದ ಮೊಕದ್ದಮೆ ಹೂಡಲಾಯಿತಾದರೂ 2017ರಲ್ಲಿ ತೀರ್ಪುಗಾರರ ಮಂಡಳಿ ಅವರನ್ನು ನಿರ್ದೋಷಿಯೆಂದಿತು. ಗುಂಡು ಹಾರಿಸಿದವನು ಕೆಲಸ ಕಳೆದುಕೊಂಡ. 2019ರಲ್ಲಿ ಆರೋಪವನ್ನು ಪ್ರತಿವಾದಿಸದೆ, ಹತ್ತು ವರ್ಷಗಳ ಪ್ರೊಬೇಷನ್ ಶಿಕ್ಷೆಗೆ ಒಳಗಾದ. ಆ ತೀರ್ಪನ್ನು ನಾನು ಪ್ರಶ್ನಿಸುತ್ತಿಲ್ಲ. ಆದರೆ ನ್ಯಾಯಾಲಯದಲ್ಲಿ ಅಪರಾಧ ಸಾಬೀತಾಗದಿದ್ದ ಮಾತ್ರಕ್ಕೆ ಆಡಳಿತದ ಹೊಣೆ ತೀರಿತೇ? ಪ್ರಾತ್ಯಕ್ಷಿಕೆಗೆ ಜನರನ್ನು ಕರೆದದ್ದು ಒಬ್ಬ ಪೇದೆಯಲ್ಲ, ಇಲಾಖೆ. ಕರೆದವರೇ ಕಾಯಬೇಕಿತ್ತು. ಪರಿಹಾರದ ಹಣವಾದರೂ ಯಾರ ಜೇಬಿನಿಂದ ಬರುತ್ತದೆ? ಕೊನೆಗೆ ಅದೇ ತೆರಿಗೆದಾರರಿಂದ. ಹೀಗೆ ಕೆಳಗಿನವನ ಕೈಗೆ ಕೋಳ, ಮೇಲಿನವರ ಬಾಯಲ್ಲಿ ಸಂತಾಪ!

ಅದು ದೂರದ ದೇಶದ ಮಾತೆಂದು ಪುಟ ತಿರುಗಿಸಬೇಡಿ. ನಮ್ಮ ರಾಜ್ಯದ ಠಾಣೆಗಳಲ್ಲಿಯೂ ‘ತೆರೆದ ಮನೆ’ ಕಾರ್ಯಕ್ರಮಕ್ಕೆ ಶಾಲಾಮಕ್ಕಳನ್ನು ಕರೆದೊಯ್ಯುತ್ತಾರೆ, ಬಂದೂಕುಗಳನ್ನು ತೋರಿಸುವುದೂ ಉಂಟು. ಒಳ್ಳೆಯ ಕಾರ್ಯಕ್ರಮವೇ, ಪೊಲೀಸರೆಂದರೆ ಮಕ್ಕಳಿಗಿರುವ ಅಂಜಿಕೆ ಕಳೆಯುತ್ತದೆ. ಆದರೆ ಮುಂದಿನ ಸಲ ಶಾಲೆಯಿಂದ ಒಪ್ಪಿಗೆ ಪತ್ರ ಬಂದಾಗ ಸಹಿ ಹಾಕುವ ಮುನ್ನ ಕೇಳಿರಿ: ಆಯುಧಗಳನ್ನು ತೋರಿಸುವಿರಾ? ಅವು ಖಾಲಿಯೆಂದು ಪರೀಕ್ಷಿಸುವವರು ಯಾರು? ಎರಡನೆಯ ಬಾರಿ ಪರೀಕ್ಷಿಸುವವರು ಯಾರು? ಅವರ ಹೆಸರು, ಹುದ್ದೆಗಳನ್ನು ಬರೆದು ಕೊಡುವಿರಾ?