ಅಡುಗೆ ಕಟ್ಟೆಯ ಕಲ್ಲು ಮತ್ತು ಆರಿದ ಬೆಂಕಿ

ವಿಜಯಪುರದ ಗೋಲಗುಮ್ಮಟಕ್ಕೆ ಹೋದವರೆಲ್ಲ ಮೆಟ್ಟಿಲು ಹತ್ತಿ ಪ್ರತಿಧ್ವನಿ ಕೇಳುತ್ತಾರೆ. ಮಕ್ಕಳಂತೂ ಗಂಟಲು ಕಟ್ಟುವವರೆಗೆ ಕೂಗುತ್ತಾರೆ. ಗೋಡೆಯ ಕಲ್ಲನ್ನು ಮುಟ್ಟಿ ನೋಡುವವರು ಮಾತ್ರ ಕಡಿಮೆ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಈ ಸಮಾಧಿಯ ಗುಮ್ಮಟ ಇಟ್ಟಿಗೆ ಮತ್ತು ಗಾರೆಯದು. ಅದನ್ನು ಹೊತ್ತ ಗೋಡೆಗಳು ಕಪ್ಪು ಬೂದು ಬಣ್ಣದ ಬಸಾಲ್ಟ್ ಕಲ್ಲಿನವು. ಆ ಕಲ್ಲು ಒಂದು ಕಾಲದಲ್ಲಿ ಬೆಲ್ಲದ ಪಾಕದಂತೆ ಹರಿಯುತ್ತಿತ್ತು ಎಂದರೆ ನಂಬುತ್ತೀರಾ?

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿ ಬಿರಿದು, 1,100 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಬಿಸಿಯಾದ ಲಾವಾರಸ ಮತ್ತೆ ಮತ್ತೆ ಹೊರಬಂದು ಪದರ ಪದರವಾಗಿ ಹರಡಿತು. ಮಹಾರಾಷ್ಟ್ರದ ಬಹುಭಾಗ, ನಮ್ಮ ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಎಷ್ಟೋ ಊರುಗಳು ಈ ಹಾಸಿನ ಮೇಲಿವೆ. ಇದಕ್ಕೆ ಡೆಕ್ಕನ್ ಟ್ರ್ಯಾಪ್ ಎಂದು ಹೆಸರು. ಟ್ರ್ಯಾಪ್ ಎಂದರೆ ಇಲ್ಲಿ ಇಲಿ ಬೋನು ಅಲ್ಲ. ಸ್ವೀಡಿಷ್ ಭಾಷೆಯಲ್ಲಿ ಮೆಟ್ಟಿಲಿಗಿರುವ ಪದದಿಂದ ಬಂದದ್ದು. ಅಲ್ಲಿಯ ಗುಡ್ಡಗಳು ಮೆಟ್ಟಿಲು ಮೆಟ್ಟಿಲಾಗಿಯೇ ಕಾಣುತ್ತವೆ.

ಕರಗಿದ್ದು ಗಟ್ಟಿಯಾಗುವ ಬಗೆಯನ್ನು ನಮ್ಮ ಸಹೋದರಿಯರಿಗೆ ಬೇರೆ ಹೇಳಿಕೊಡಬೇಕಾಗಿಲ್ಲ. ಶೇಂಗಾ ಚಿಕ್ಕಿಗೆ ಕಾಸಿದ ಪಾಕವನ್ನು ತಟ್ಟೆಗೆ ಸುರಿದರೆ ಬೇಗ ಆರಿ ಗಾಜಿನಂತಾಗುತ್ತದೆ. ಅದರಲ್ಲಿ ಹರಳು ಕಾಣುವುದಿಲ್ಲ. ಅದೇ ಸಕ್ಕರೆಯ ಗಟ್ಟಿ ನೀರಿನಲ್ಲಿ ದಾರ ಇಳಿಬಿಟ್ಟು, ಅಲುಗಾಡಿಸದೆ ದಿನಗಟ್ಟಲೆ ಬಿಟ್ಟರೆ ಕಲ್ಲುಸಕ್ಕರೆಯ ದಪ್ಪ ಹರಳು ಕಟ್ಟುತ್ತದೆ. ಕಲ್ಲುಸಕ್ಕರೆಯಲ್ಲಿ ನೀರಿನ ಪಾತ್ರವೂ ಇರುವುದರಿಂದ ಹೋಲಿಕೆ ಪೂರ್ತಿ ಕೂಡುವುದಿಲ್ಲ. ಆದರೂ ಮೂಲ ವಿಷಯ ಒಂದೇ. ಕಣಗಳಿಗೆ ಸಾಲುಗಟ್ಟಿ ಕೂರಲು ಸಮಯ ಸಿಕ್ಕಷ್ಟೂ ಹರಳು ದೊಡ್ಡದಾಗುತ್ತದೆ.

ಲಾವಾರಸ ನೆಲದ ಮೇಲೆ ಹರಿದಾಗ ಗಾಳಿ ತಗುಲಿ ಬೇಗ ಆರುತ್ತದೆ. ಆದ್ದರಿಂದಲೇ ಬಸಾಲ್ಟ್‌ನ ಹರಳುಗಳು ಬರಿಗಣ್ಣಿಗೆ ಸಿಗದಷ್ಟು ಸಣ್ಣವು. 'ಬೇಗ' ಎಂಬುದೂ ಕಲ್ಲಿನ ಲೆಕ್ಕದ ಬೇಗ! ಹಾಲಿನ ಮೇಲೆ ಕೆನೆ ಕಟ್ಟಿದಂತೆ ಮೇಲ್ಪದರ ಮೊದಲು ಗಟ್ಟಿಯಾಗಿ ಒಳಗಿನ ಬಿಸಿಯನ್ನು ಹಿಡಿದಿಡುತ್ತದೆ. 1959ರಲ್ಲಿ ಹವಾಯಿ ದ್ವೀಪದ ಕಿಲವೇಯ ಇಕಿ ಎಂಬ ಕುಳಿಯಲ್ಲಿ ತುಂಬಿಕೊಂಡ ಲಾವಾರಸ ತಳದವರೆಗೂ ಗಟ್ಟಿಯಾಗಲು ಮೂರು ದಶಕಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಹಾಗಾದರೆ ನೆಲದೊಳಗೆ ಹಲವು ಕಿಲೋಮೀಟರ್ ಆಳದಲ್ಲಿ ಸಿಕ್ಕಿಕೊಂಡ ಕಲ್ಲುರಸದ ಗತಿ? ಅದು ಆರಲು ಸಾವಿರಾರು, ಲಕ್ಷಾಂತರ ವರ್ಷಗಳೇ ಬೇಕು. ಹಾಗೆ ಆರಿದ್ದು ಗ್ರಾನೈಟ್. ಹಂಪಿಯ ಬಂಡೆಗಳಲ್ಲಿ, ಇಳಕಲ್‌ನ ಕೆಂಪು ಕಲ್ಲಿನಲ್ಲಿ ಹರಳುಗಳನ್ನು ಬೆರಳಿಟ್ಟು ತೋರಿಸಬಹುದು. ಕೆಂಪು ಅಥವಾ ಬಿಳಿಯದು ಫೆಲ್ಡ್‌ಸ್ಪಾರ್, ಕಪ್ಪಗೆ ಮಿನುಗುವುದು ಅಭ್ರಕ, ಗಾಜಿನ ಚೂರಿನಂತಿರುವುದು ಕ್ವಾರ್ಟ್ಜ್. ಈ ಕ್ವಾರ್ಟ್ಜ್ ಸಾಮಾನ್ಯವಾಗಿ ಕೊನೆಗೆ, ಉಳಿದ ಸಂದಿಗಳಲ್ಲಿ ಹರಳುಗಟ್ಟುತ್ತದೆ. ಅದರ ವಿಷಯ ಮುಂದೆ ಬರುತ್ತದೆ.

ಆರುವಾಗ ಕಲ್ಲು ಕುಗ್ಗುತ್ತದೆ, ಕುಗ್ಗಿದಾಗ ಬಿರಿಯುತ್ತದೆ. ಬೇಸಿಗೆಯಲ್ಲಿ ನವಲಗುಂದದ ಕಡೆಯ ಎರೆಹೊಲ ನೋಡಿದವರಿಗೆ ಆ ಬಿರುಕುಗಳ ಬಲೆ ಗೊತ್ತು. ಉಡುಪಿಯ ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಸುಮಾರು 8.8 ಕೋಟಿ ವರ್ಷಗಳ ಹಿಂದಿನ ಲಾವಾ ಹೀಗೆಯೇ ಮೇಲಿನಿಂದ ಕೆಳಕ್ಕೆ ಸೀಳಿ, ಐದು ಆರು ಮೂಲೆಯ ಕಂಬಗಳಾಗಿ ನಿಂತಿದೆ. ಉಳಿ ಮುಟ್ಟಿಸದ ಕಂಬಗಳು! ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುತ್ತಿದ್ದ ಕಾಲದ ಲಾವಾ ಅದು.

ನಮ್ಮ ಹುಬ್ಬಳ್ಳಿ-ಧಾರವಾಡ ಡೆಕ್ಕನ್ ಟ್ರ್ಯಾಪ್‌ನ ಹೊರಗಿದೆ. ಇಲ್ಲಿಯ ಶಿಲೆ ಅದಕ್ಕಿಂತ ಬಹಳ ಹಳೆಯದು, 250 ಕೋಟಿ ವರ್ಷಕ್ಕೂ ಹಿಂದಿನದು. ಈ ಬಗೆಯ ಶಿಲೆಗಳನ್ನು ಭೂವಿಜ್ಞಾನಿಗಳು ಧಾರವಾಡದ ಹೆಸರಿನಿಂದಲೇ ಕರೆಯುತ್ತಾರೆ. ಅದೇ ಗುಂಪಿನ ಲಾವಾ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಾಣುತ್ತದೆ. ನೀರೊಳಗೆ ಉಕ್ಕಿದ ಲಾವಾರಸ ಮಾತ್ರ ಅಂಥ ಆಕಾರ ತಾಳುತ್ತದೆ. ಅಂದರೆ ಚಿತ್ರದುರ್ಗದ ಆ ಒಣ ನೆಲ ಆಗ ನೀರಿನಡಿ ಇತ್ತು.

ಇನ್ನು ಅಡುಗೆ ಮನೆಗೆ ಬರೋಣ. ಮನೆ ಕಟ್ಟಿಸುವಾಗ ವರ್ಷಗಟ್ಟಲೆ ಕೂಡಿಟ್ಟ ದುಡ್ಡು ಕಟ್ಟೆಯ ಕಲ್ಲಿಗೆ ಹೋಗುತ್ತದೆ. ಅದನ್ನು ಆರಿಸುವವರು ಮಾತ್ರ ಹೆಚ್ಚಾಗಿ ಗಂಡಸರು, ಅದೂ ಬಣ್ಣ ನೋಡಿ. ಅಂಗಡಿಯಲ್ಲಿ 'ಬ್ಲ್ಯಾಕ್ ಗ್ರಾನೈಟ್' ಎನ್ನುವುದು ನಿಜವಾಗಿ ಗ್ರಾನೈಟ್ ಅಲ್ಲ. ಹೆಸರಾದ ಚಾಮರಾಜನಗರದ ಕಪ್ಪು ಕಲ್ಲು ಡಾಲರೈಟ್, ಬಸಾಲ್ಟ್‌ನ ಹತ್ತಿರದ ಬಂಧು. ಹೆಸರು ತಪ್ಪಾದರೂ ಬಾಳಿಕೆಗೆ ಮೋಸವಿಲ್ಲ. ಆದರೆ ಕಡಪಾ ಕಲ್ಲು ಮತ್ತು ಶಹಾಬಾದ್ ಫರಸಿ ಬೆಂಕಿಯಿಂದ ಬಂದವಲ್ಲ, ಅವು ಸುಣ್ಣದ ಕಲ್ಲು. ಹುಣಸೆ ರಸ, ನಿಂಬೆ ಹುಳಿ ಬಿದ್ದಲ್ಲಿ ಹೊಳಪು ಹೋಗಿ ಮಂಕು ಕಲೆ ಉಳಿಯುತ್ತದೆ. ಅನುಮಾನವಿದ್ದರೆ ಕಲ್ಲಿನ ಒಂದು ತುಂಡು ಕೇಳಿ ಪಡೆಯಿರಿ. ಪಾಲಿಶ್ ಇಲ್ಲದ ಬದಿಯನ್ನು ಕೆರೆದು, ಆ ಪುಡಿಯ ಮೇಲೆ ನಿಂಬೆ ರಸ ಹಿಂಡಿ ನೋಡಿ. ಸಣ್ಣ ಗುಳ್ಳೆ ಎದ್ದರೆ ಅದು ಸುಣ್ಣದ ಕಲ್ಲು.

ಕೊನೆಗೆ ಕ್ವಾರ್ಟ್ಜ್ ವಿಷಯ. ಗ್ರಾನೈಟನ್ನು ಒಣಗಿದ್ದಂತೆಯೇ ಮಷಿನ್‌ನಿಂದ ಕೊಯ್ದರೆ ಈ ಹರಳು ಕಣ್ಣಿಗೆ ಕಾಣದ ಧೂಳಾಗಿ ಶ್ವಾಸಕೋಶ ಸೇರುತ್ತದೆ. ವರ್ಷಗಟ್ಟಲೆ ಅದನ್ನು ಉಸಿರಾಡಿದ ಕೆಲಸಗಾರರಿಗೆ ಸಿಲಿಕೋಸಿಸ್ ಬರುತ್ತದೆ. ಹಾಳಾದ ಶ್ವಾಸಕೋಶವನ್ನು ಸರಿಪಡಿಸುವ ಔಷಧಿ ಇಲ್ಲ. ಮನೆಯಲ್ಲಿ ಕಲ್ಲು ಕೂರಿಸುವ ದಿನ ಮೇಸ್ತ್ರಿಗೆ ನೀರು ಬಿಟ್ಟುಕೊಂಡು, ಹೊರಗೆ ಅಂಗಳದಲ್ಲಿ ಕೊಯ್ಯಲು ಹೇಳಿ. ಒದ್ದೆ ಬಟ್ಟೆ ಕಟ್ಟಿಕೊಂಡರೆ ಸಾಲದು, ಧೂಳಿಗೆಂದೇ ಇರುವ ಒಳ್ಳೆಯ ಮಾಸ್ಕ್ ತರಿಸಿಕೊಡಿ. ಮಕ್ಕಳನ್ನು ದೂರವಿಡಿ. ಬಿದ್ದ ಪುಡಿಯನ್ನು ಗುಡಿಸಬೇಡಿ, ನೀರು ಚಿಮುಕಿಸಿ ಒರೆಸಿ ತೆಗೆಯಿರಿ.