ಉಯಿಲು ವಿದೇಶದ್ದು, ಹೊಲ ಮಾನ್ವಿಯದು

ರಾಯಚೂರು: ಉಯಿಲಿಗೆ ನ್ಯಾಯಾಲಯದ ದೃಢೀಕರಣ, ಅಂದರೆ ಪ್ರೊಬೇಟ್, ಕಡ್ಡಾಯವೆಂದಿದ್ದ ನಿಯಮ ಇತಿಹಾಸಕ್ಕೆ ಸರಿದಿದೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 213ನೇ ಕಲಮನ್ನು ಸಂಸತ್ತು 2025ರ ಡಿಸೆಂಬರ್‌ನಲ್ಲಿ ಕೈಬಿಟ್ಟಿತು. ಹೊರದೇಶಗಳಲ್ಲಿ ನೆಲೆಸಿ ಅಲ್ಲಿಯ ಪೌರತ್ವ ಪಡೆದ ಕನ್ನಡಿಗರು ಇದರಿಂದ ನಿರಾಳರಾಗುವುದು ಸಹಜ. ಆದರೆ ರಾಯಚೂರು, ಮಾನ್ವಿ, ದೇವದುರ್ಗಗಳಲ್ಲಿ ಆಸ್ತಿ ಉಳ್ಳವರ ಮಟ್ಟಿಗೆ ಬದಲಾಗಿರುವುದು ಏನೂ ಇಲ್ಲ.

ಕಾರಣ ಸರಳ. ಆ ನಿಯಮ ಮುಖ್ಯವಾಗಿ ಕೋಲ್ಕತ್ತ, ಚೆನ್ನೈ, ಮುಂಬೈ ನಗರಗಳಲ್ಲಿ ಬರೆದ ಉಯಿಲುಗಳಿಗೆ ಹಾಗೂ ಅಲ್ಲಿಯ ಸ್ಥಿರಾಸ್ತಿಗೆ ಸಂಬಂಧಿಸಿತ್ತು. 1948ರವರೆಗೆ ನಿಜಾಮನ ಆಡಳಿತದಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ರಾಯಚೂರು ಅದರ ವ್ಯಾಪ್ತಿಗೆ ಬಂದದ್ದೇ ಇಲ್ಲ. ಇಲ್ಲಿ ಪ್ರೊಬೇಟ್ ಇಲ್ಲದೆಯೇ ಉಯಿಲನ್ನು ಹಿಡಿದು ತಹಶೀಲ್ದಾರ್ ಕಚೇರಿಗೆ ಹೋಗಬಹುದಿತ್ತು, ಈಗಲೂ ಹೋಗಬಹುದು. ಇಲ್ಲಿನ ತೊಡಕು ಇರುವುದು ಉಯಿಲನ್ನು ರುಜುವಾತುಪಡಿಸುವಲ್ಲಿ.

ಪಹಣಿಯಲ್ಲಿ ಹೆಸರು ಬದಲಾಗಲು ಯಾರ ತಕರಾರೂ ಇರಬಾರದು. ದಾಯಾದಿಗಳಲ್ಲಿ ಒಬ್ಬರು ಆಕ್ಷೇಪಿಸಿದರೂ ಕಡತ ನಿಂತುಹೋಗುತ್ತದೆ. ಉಯಿಲಿನ ಬಗ್ಗೆ ವಿವಾದವಿದ್ದರೆ ಹಕ್ಕನ್ನು ಸಿವಿಲ್ ನ್ಯಾಯಾಲಯದಲ್ಲಿಯೇ ಸಾಧಿಸಿಕೊಳ್ಳಬೇಕು, ಖಾತೆ ಬದಲಾವಣೆಯಿಂದ ಮಾಲೀಕತ್ವ ಹುಟ್ಟುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಜಿತೇಂದ್ರ ಸಿಂಗ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ನ್ಯಾಯಾಲಯದಲ್ಲಿ ಮೊದಲು ಏಳುವ ಪ್ರಶ್ನೆ ಸಾಕ್ಷಿಗಳದು. ಹಿಂದೂಗಳ ಉಯಿಲಿಗೆ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು. ವಿವಾದವಾದಾಗ ಅವರಲ್ಲಿ ಒಬ್ಬರಾದರೂ, ಬದುಕಿದ್ದು ಲಭ್ಯರಿದ್ದರೆ, ಸಾಕ್ಷ್ಯ ನುಡಿಯಬೇಕು. ಹೂಸ್ಟನ್ನಿನಲ್ಲಿ ಬರೆದ ಉಯಿಲಿಗೆ ಅಲ್ಲಿಯ ನೆರೆಮನೆಯವರು ಸಾಕ್ಷಿ ಹಾಕಿದ್ದರೆ, ಹದಿನೈದು ವರ್ಷಗಳ ನಂತರ ಅವರನ್ನು ಹುಡುಕುವವರಾರು? ವಿಡಿಯೊ ಕಾನ್ಫರೆನ್ಸ್ ಮೂಲಕ ಸಾಕ್ಷ್ಯ ಪಡೆಯಲು ಅವಕಾಶವಿದೆಯಾದರೂ, ಮೊದಲು ಸಾಕ್ಷಿ ಸಿಗಬೇಕಲ್ಲ. ಉಯಿಲಿನ ಸುತ್ತ ಸಂಶಯದ ಸನ್ನಿವೇಶಗಳಿದ್ದರೆ ಅವನ್ನು ನಿವಾರಿಸುವ ಹೊಣೆ ಅದನ್ನು ಮುಂದಿಡುವವರದೇ. ಈ ತತ್ವವನ್ನು ಸುಪ್ರೀಂ ಕೋರ್ಟ್ ವಿವರವಾಗಿ ವಿಧಿಸಿದ್ದು ಮೈಸೂರು ಹೈಕೋರ್ಟಿನಿಂದ ಹೋದ ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ, 1958ರಲ್ಲಿ.

ವಿದೇಶದ ನ್ಯಾಯಾಲಯ ಈಗಾಗಲೇ ಉಯಿಲನ್ನು ದೃಢೀಕರಿಸಿದ್ದರೆ ಅನ್ಯ ದಾರಿಯುಂಟು. ಅದರ ಅಧಿಕೃತ ಪ್ರತಿಯನ್ನು ಹಾಜರುಪಡಿಸಿ, ಉತ್ತರಾಧಿಕಾರ ಕಾಯ್ದೆಯ 228ನೇ ಕಲಮಿನಡಿ ಆಸ್ತಿ ಆಡಳಿತ ಪತ್ರಕ್ಕಾಗಿ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬಹುದು. ಭಾರತ 2005ರಲ್ಲಿ ಹೇಗ್ ಅಪೊಸ್ಟಿಲ್ ಒಡಂಬಡಿಕೆಗೆ ಸೇರಿದ ಮೇಲೆ ಸದಸ್ಯ ದೇಶಗಳ ಕಾಗದಪತ್ರಗಳ ದೃಢೀಕರಣ ಹಗುರವಾಗಿದೆ. ಆದರೆ ಹೊಲ, ಮನೆಗಳ ವಿಷಯದಲ್ಲಿ ನಡೆಯುವುದು ಅವು ಇರುವ ನೆಲದ ಕಾನೂನೇ ಹೊರತು ಮಾಲೀಕನ ಪಾಸ್‌ಪೋರ್ಟಿನದಲ್ಲ.

ಅನೇಕ ಕುಟುಂಬಗಳು ಎಡವುವುದು ಅಧಿಕಾರಪತ್ರದ ವಿಚಾರದಲ್ಲಿ. ಊರಿನ ತಮ್ಮನಿಗೆ ಜಿಪಿಎ ಬರೆದುಕೊಟ್ಟರೆ ಎಲ್ಲವೂ ಮುಗಿಯಿತೆಂಬ ಭಾವನೆ ಸಾಮಾನ್ಯ. ಬರೆದುಕೊಟ್ಟವರು ತೀರಿಕೊಂಡೊಡನೆ ಆ ಅಧಿಕಾರವೂ ಕೊನೆಗೊಳ್ಳುತ್ತದೆ. ನಿಜಕ್ಕೂ ಅಗತ್ಯ ಬೀಳುವ ಗಳಿಗೆಯಲ್ಲೇ ಆ ಕಾಗದ ನಿರುಪಯೋಗಿ.

ಏನನ್ನು ಬರೆಯಬಹುದೆಂಬುದಕ್ಕೂ ಮಿತಿಗಳಿವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಮಾನ್ವಿಯ ಗದ್ದೆ ಪಿತ್ರಾರ್ಜಿತವಾಗಿದ್ದರೆ ತಂದೆ ಉಯಿಲಿನಲ್ಲಿ ಕೊಡಬಹುದಾದದ್ದು ತನ್ನ ಪಾಲನ್ನು ಮಾತ್ರ. ಮಗಳು ಅಮೆರಿಕದ ಪ್ರಜೆಯಾದಳೆಂಬ ಕಾರಣಕ್ಕೆ ಆಕೆಯ ಪಾಲು ಅಳಿಯುವುದಿಲ್ಲ. ಹೆಣ್ಣುಮಕ್ಕಳ ಸಮಪಾಲನ್ನು 2020ರ ವಿನೀತಾ ಶರ್ಮಾ ತೀರ್ಪು ಗಟ್ಟಿಗೊಳಿಸಿದೆ. ಮುಸ್ಲಿಮರ ವೈಯಕ್ತಿಕ ಕಾನೂನಿನಂತೆ, ವಾರಸುದಾರರ ಒಪ್ಪಿಗೆಯಿಲ್ಲದೆ ಆಸ್ತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಉಯಿಲಿನಲ್ಲಿ ಬರೆಯುವಂತಿಲ್ಲ.

ಒಸಿಐ ಕಾರ್ಡ್ ಹೊಂದಿದವರು ಭಾರತದಲ್ಲಿ ಕೃಷಿಭೂಮಿ ಕೊಳ್ಳುವಂತಿಲ್ಲ, ಆದರೆ ವಾರಸಿನಿಂದ ಪಡೆಯಬಹುದು. ದೇವದುರ್ಗದ ಅಂಥ ಹೊಲವನ್ನು ಮಾರುವುದಾದರೆ ಭಾರತದಲ್ಲಿ ನೆಲೆಸಿರುವವರಿಗೇ ಮಾರಬೇಕು. ಬಂದ ಹಣದಲ್ಲಿ, ತೆರಿಗೆ ಕಟ್ಟಿದ ನಂತರ, ಒಂದು ಹಣಕಾಸು ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಹೊರಕ್ಕೆ ಕಳಿಸಲು ಅವಕಾಶವಿದೆ.

ನೆಲೆಸಿದ ದೇಶದ ಕಾನೂನನ್ನೂ ಅಲಕ್ಷಿಸುವಂತಿಲ್ಲ. ಮುಸ್ಲಿಮೇತರ ವಿದೇಶೀಯರು ಉಯಿಲು ನೋಂದಾಯಿಸಲು ದುಬೈನ ಡಿಐಎಫ್‌ಸಿ 2015ರಲ್ಲಿ ವ್ಯವಸ್ಥೆ ಕಲ್ಪಿಸಿತು. ಅಲ್ಲಿಯ ಬ್ಯಾಂಕ್ ಠೇವಣಿಗೆ ಒಂದು, ಇಲ್ಲಿಯ ಭೂಮಿಗೆ ಒಂದು ಎಂದು ಎರಡು ಉಯಿಲು ಬರೆಯುವುದು ವಿವೇಕದ ಕ್ರಮ. ಆದರೆ ಎರಡನೆಯದರಲ್ಲಿ "ಹಿಂದಿನ ಎಲ್ಲ ಉಯಿಲುಗಳು ರದ್ದು" ಎಂಬ ಸಾಲು ಎಚ್ಚರವಿಲ್ಲದೆ ಸೇರಿಕೊಂಡರೆ ಮೊದಲನೆಯದೂ ಅಳಿದಂತೆ.

ಉಯಿಲಿನ ನೋಂದಣಿ ಕಡ್ಡಾಯವಲ್ಲ, ಮುದ್ರಾಂಕ ಶುಲ್ಕವೂ ಇಲ್ಲ. ರಜೆಯಲ್ಲಿ ಊರಿಗೆ ಬಂದಾಗ, ತಮಗಿಂತ ಕಿರಿಯರಾದ, ಆಸ್ತಿಯಲ್ಲಿ ಪಾಲು ಪಡೆಯದ ಇಬ್ಬರು ಸ್ಥಳೀಯರನ್ನು ಸಾಕ್ಷಿಗಳನ್ನಾಗಿಸಿ, ಸರ್ವೆ ನಂಬರುಗಳನ್ನು ಪಹಣಿಯೊಂದಿಗೆ ತಾಳೆ ನೋಡಿ, ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲು ಹೆಚ್ಚು ಕಾಲ ಬೇಡ. ಅಜ್ಜನ ಹೆಸರಿನಲ್ಲೇ ಉಳಿದಿರುವ ಪಹಣಿಗೆ ಪೌತಿ ಖಾತೆ ಮಾಡಿಸುವುದು ಅದಕ್ಕಿಂತ ಮುಂಚಿನ ಕೆಲಸ. ನಿಜಾಮರ ಕಾಲದ ಉರ್ದು ದಾಖಲೆಗಳನ್ನು ಓದಿ ಹೇಳಬಲ್ಲ ಹಿರಿಯರು ಇರುವಾಗಲೇ ಅದು ಆಗುವುದು ಲೇಸು. ಸಂಸತ್ತು ಕಾನೂನಿನ ಒಂದು ಗಂಟನ್ನು ಬಿಚ್ಚಿದೆ. ಮನೆಯವರೇ ಬಿಚ್ಚಬೇಕಾದ ಗಂಟುಗಳು ಹಾಗೆಯೇ ಉಳಿದಿವೆ.